ಬೆಳಗಿನ ಪ್ರಾರ್ಥನೆಗೆ ಒಪ್ಪಿಗೆ ಕೊಟ್ಟವರು ಯಾರು?

'ಅಸತೋ ಮಾ ಸದ್ಗಮಯ.' ಈ ಸಾಲು ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತಾ? ನನಗಂತೂ ಬರಲ್ಲ. ಬೃಹದಾರಣ್ಯಕ ಉಪನಿಷತ್ತಿನ ಮಾತು, ನನಗೆ ತುಂಬ ಇಷ್ಟದ್ದು. ಆದರೂ ಇದು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದೆ. ಕೇಂದ್ರೀಯ ವಿದ್ಯಾಲಯಗಳ ಅಸೆಂಬ್ಲಿಯಲ್ಲಿ ಮಕ್ಕಳು ಕಣ್ಣು ಮುಚ್ಚಿ, ಕೈ ಮುಗಿದು ಇದನ್ನು ಹೇಳಬೇಕು ಅನ್ನೋದನ್ನ ಮಧ್ಯಪ್ರದೇಶದ ವಕೀಲರೊಬ್ಬರು ಪ್ರಶ್ನೆ ಮಾಡಿದರು. ಇದು ಸಾರ್ವತ್ರಿಕ ಸತ್ಯ, ಧರ್ಮದ ಮಾತಲ್ಲ ಅಂತ ಸರ್ಕಾರ ವಾದಿಸಿತು. 2019ರ ಜನವರಿಯಲ್ಲಿ ದ್ವಿಸದಸ್ಯ ಪೀಠ ವಿಷಯವನ್ನು ದೊಡ್ಡ ಪೀಠಕ್ಕೆ ಕಳಿಸಿತು.

ಈಗ ಅದೇ ವರ್ಷದ ಇನ್ನೊಂದು ಸುದ್ದಿ ಕೇಳಿ. ಉತ್ತರ ಪ್ರದೇಶದ ಪಿಲಿಭಿತ್ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆ. ಮಕ್ಕಳು ಕವಿ ಇಕ್ಬಾಲ್ ಬರೆದ ಉರ್ದು ಪ್ರಾರ್ಥನೆ ಹಾಡಿದರು ಅಂತ ದೂರು ಹೋಯಿತು, ಮುಖ್ಯೋಪಾಧ್ಯಾಯರು ಸಸ್ಪೆಂಡ್ ಆದರು. ಅದರಲ್ಲಿ ಇರೋದೇನು? ದೇವರೇ, ನನ್ನನ್ನು ಕೆಟ್ಟದ್ದರಿಂದ ಕಾಪಾಡು ಅಂತ. ಅಂದರೆ ನಮ್ಮದು ಸಾರ್ವತ್ರಿಕ, ಅವರದ್ದು ಮಾತ್ರ ಧರ್ಮ! ಈ ತಕ್ಕಡಿ ನನಗೆ ಒಪ್ಪಿಗೆ ಇಲ್ಲ.

'ಇಷ್ಟ ಇಲ್ಲದವರು ಸುಮ್ಮನೆ ನಿಲ್ಲಲಿ ಬಿಡ್ರೀ' ಅಂತೀರಾ? ಕೇರಳದಲ್ಲಿ ಮೂವರು ಮಕ್ಕಳು ಹಾಗೇ ನಿಂತರು. ಅಲ್ಲಿ ವಿಷಯ ರಾಷ್ಟ್ರಗೀತೆ. ಯೆಹೋವನ ಸಾಕ್ಷಿಗಳು ಅನ್ನೋ ಕ್ರೈಸ್ತ ಪಂಥದವರು, ಗೌರವದಿಂದ ಎದ್ದು ನಿಂತರು, ಹಾಡಲಿಲ್ಲ, ಅಷ್ಟೇ. 1985ರ ಜುಲೈನಲ್ಲಿ ಶಾಲೆಯಿಂದ ಹೊರಗೆ ಹಾಕಿದರು. ಹೈಕೋರ್ಟ್ ಕೂಡ ಕೈಬಿಟ್ಟಿತು. 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಮಕ್ಕಳ ಪರ ತೀರ್ಪು ಬರೆದರು. ಸುಮ್ಮನೆ ನಿಲ್ಲೋದಕ್ಕೆ ದಿಲ್ಲಿವರೆಗೂ ಹೋಗಬೇಕಾಯಿತು. ಆ ಮಕ್ಕಳ ಹಿಂದೆ ಗಟ್ಟಿಯಾಗಿ ನಿಂತ ಮನೆಯವರಿದ್ದರು. ಎರಡನೇ ಕ್ಲಾಸಿನ ಹುಡುಗಿ ಸಾಲಿನಲ್ಲಿ ಒಬ್ಬಳೇ ಕೈ ಕಟ್ಟಿ ನಿಂತರೆ, ಪಕ್ಕದವಳು ಮೊಣಕೈಲಿ ತಿವೀತಾಳೆ, ಪಿ.ಟಿ. ಮೇಷ್ಟ್ರು ದುರುಗುಟ್ಟಿ ನೋಡ್ತಾರೆ. ಮಾರನೇ ದಿನ ಅವಳೂ ಕೈ ಮುಗೀತಾಳೆ. ಅದನ್ನ ನಾವು ಶಿಸ್ತು ಅಂತೀವಿ.

ಸಂವಿಧಾನ ಇದನ್ನು ಮೊದಲೇ ಯೋಚಿಸಿತ್ತು. 28ನೇ ವಿಧಿ ನೋಡಿ. ಪೂರ್ತಿ ಸರ್ಕಾರದ ದುಡ್ಡಲ್ಲಿ ನಡೆಯೋ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇಲ್ಲ. ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಯಲ್ಲಾದರೆ, ಧಾರ್ಮಿಕ ಬೋಧನೆಗೋ ಪೂಜೆಗೋ ಮಗುವನ್ನು ಸೇರಿಸೋಕೆ ಪೋಷಕರ ಒಪ್ಪಿಗೆ ಬೇಕು. ಗಮನಿಸಿ, 'ಬೇಡ' ಅಂತ ಹೇಳೋ ಹೊಣೆ ಮಗುವಿನದಲ್ಲ. ಕೇಳೋ ಹೊಣೆ ಶಾಲೆಯದು. ಚರ್ಚ್ ನಡೆಸೋ ಕಾನ್ವೆಂಟಿಗೂ ಇದೇ ಮಾತು, ಮಠದ ಶಾಲೆಗೂ ಇದೇ.

ಹಾಗಂತ ಉಪನಿಷತ್ತನ್ನು ಶಾಲೆಯಿಂದ ಓಡಿಸಿ ಅನ್ನೋರ ಜೊತೆ ನಾನಿಲ್ಲ. ಕ್ಲಾಸಿನಲ್ಲಿ ಓದಿಸಿ, ಅರ್ಥ ಹೇಳಿ, ಮಕ್ಕಳು ವಾದ ಮಾಡಲಿ. ವಚನ, ಬೈಬಲ್, ಕುರಾನ್ ಎಲ್ಲಾ ಓದಲಿ. ಧರ್ಮಗಳ ಬಗ್ಗೆ ಕಲಿಸಬಹುದು ಅಂತ 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಓದಿಸೋದು ಬೇರೆ, ಕೈ ಮುಗಿಸೋದು ಬೇರೆ.

ಅಡ್ಮಿಶನ್ ಫಾರಂನಲ್ಲಿ ಜಾತಿ ಕೇಳ್ತಾರೆ, ಆಧಾರ್ ಕೇಳ್ತಾರೆ. ಪ್ರಾರ್ಥನೆಗೆ ಒಪ್ಪಿಗೆ ಇದೆಯಾ ಅಂತ ನಿಮ್ಮನ್ನ ಯಾವತ್ತಾದರೂ ಕೇಳಿದ್ದಾರಾ? ಕೇಳಿದ್ದರೆ ಶಾಲೆ ಹೆಸರಿನ ಸಮೇತ ಕಮೆಂಟಲ್ಲಿ ಹಾಕಿ, ನಾನೇ ಹೋಗಿ ಆ ಫಾರಂ ನೋಡ್ಕೊಂಡು ಬರ್ತೀನಿ.