ಪೆಂಡೀನ್: ಸಮುದ್ರದ ಕೆಳಗೆ ತವರ ತೆಗೆದ ಊರು

ಬಂಡೆಯ ಅಂಚಿನಲ್ಲಿ ಕಲ್ಲಿನ ಚಿಮಣಿ ಕಾಣುತ್ತಿದೆ ಅಲ್ವಾ? ಅದೇ ಲೆವಾಂಟ್ ಗಣಿ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ, ಪೆಂಡೀನ್ ಊರಿನ ಪಕ್ಕ. ಆಚೆ ಅಟ್ಲಾಂಟಿಕ್. ತಾಮ್ರ, ತವರಕ್ಕಾಗಿ ಇಲ್ಲಿನವರು ಸಮುದ್ರದ ತಳದಡಿಯಲ್ಲೇ ಸುಮಾರು ಒಂದು ಮೈಲಿ ಕೊರೆದಿದ್ದರು.

ನಾನು ಬೆಳೆದಿದ್ದು ಕೆಜಿಎಫ್‌ನಲ್ಲಿ. ಗಣಿಯೊಳಗೆ ಬಂಡೆ ಸಿಡಿದರೆ ನಮ್ಮ ಅಡುಗೆಮನೆಯ ಪಾತ್ರೆಗಳು ಗಡಗಡ ಅನ್ನುತ್ತಿದ್ದವು. ಅಮ್ಮ ಒಲೆ ಆರಿಸಿ ಬಾಗಿಲಿಗೆ ಬರುತ್ತಿದ್ದರು. "ನಿಮ್ಮವರು ಯಾವ ಶಿಫ್ಟು?" ಅಂತ ಬೀದಿಯೆಲ್ಲಾ ಇದೊಂದೇ ಮಾತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಅನ್ನೋ ಬ್ರಿಟಿಷ್ ಕಂಪನಿ ಕೋಲಾರದ ಚಿನ್ನಕ್ಕೆ ಕೈ ಹಾಕಿತು. ಆಮೇಲೆ ಕೆಲಸ ಬಲ್ಲವರು ಬಂದಿದ್ದು ಇದೇ ಕಾರ್ನ್‌ವಾಲ್‌ನಿಂದ. ಇಲ್ಲಿ ತಾಮ್ರದ ಬೆಲೆ ಬಿದ್ದು ಗಣಿಗಳು ಮುಚ್ಚುತ್ತಿದ್ದ ಕಾಲ ಅದು.

ಲೆವಾಂಟ್‌ನಲ್ಲಿ ಇಳಿಯೋದು, ಹತ್ತೋದು ಹೇಗೆ ಗೊತ್ತಾ? ಶಾಫ್ಟ್, ಅಂದರೆ ಗಣಿಗೆ ಇಳಿಯುವ ಬಾವಿಯ ಉದ್ದಕ್ಕೂ ಒಂದು ಮರದ ತೊಲೆ. ಉಗಿ ಯಂತ್ರ ಅದನ್ನು ಮೇಲೆ ಕೆಳಗೆ ಆಡಿಸುತ್ತಿತ್ತು. ತೊಲೆಯಲ್ಲಿ ಒಂದು ಪಾದ ಇಡುವಷ್ಟು ಮೆಟ್ಟಿಲು. ಅದು ಮೇಲೆ ಬಂದಾಗ ಪಕ್ಕದ ಕಟ್ಟೆಗೆ ಕಾಲಿಡಬೇಕು, ಮುಂದಿನ ಮೆಟ್ಟಿಲು ಬರುವವರೆಗೆ ಕಾಯಬೇಕು. ದಿನವಿಡೀ ದುಡಿದು ಸುಸ್ತಾದ ಮೇಲೆ ಇದು! 1919ರ ಅಕ್ಟೋಬರ್ 20ರಂದು ಶಿಫ್ಟ್ ಮುಗಿಸಿ ಜನ ಹತ್ತುತ್ತಿದ್ದಾಗ ತೊಲೆಯ ಮೇಲ್ತುದಿಯ ಕಬ್ಬಿಣ ಮುರಿಯಿತು. ಸತ್ತವರು 31 ಜನ. ಸುತ್ತಮುತ್ತಲಿನ ಪುಟ್ಟ ಊರುಗಳಿಗೆ ಅದು ಎಂಥ ಏಟು ಅಂತ ಯೋಚಿಸಿ.

ಪಕ್ಕದ ಗೀವರ್ ಗಣಿ 1990ರವರೆಗೂ ಓಡಿತು. 1985ರಲ್ಲಿ ತವರದ ಬೆಲೆ ಕುಸಿದಿದ್ದು ಅದನ್ನು ಮುಗಿಸಿಬಿಟ್ಟಿತು. ಈಗ ಮ್ಯೂಸಿಯಂ. ಕೆಲಸಗಾರರು ಬಟ್ಟೆ ಬದಲಿಸುತ್ತಿದ್ದ ಕೋಣೆ ಇದು. ಸಾಲು ಸಾಲು ಲಾಕರ್. ಕೆಂಪು ಧೂಳು ಮೆತ್ತಿದ ಬಟ್ಟೆ ಹಾಗೇ ನೇತಾಡುತ್ತಿದೆ. ನನಗೆ ಇಡೀ ಊರಿನಲ್ಲಿ ಹಿಡಿಸಿದ್ದು ಇದೇ, ಯಂತ್ರಗಳಲ್ಲ. 2001ರಲ್ಲಿ ನಮ್ಮ ಗಣಿ ಮುಚ್ಚಿದಾಗ ಇಂಥದ್ದೊಂದು ಕೋಣೆಯನ್ನಾದರೂ ಹೀಗೆ ಉಳಿಸಿಕೊಳ್ಳಬೇಕಿತ್ತು.

ನಮ್ಮ ಗೈಡ್ ಇಲ್ಲೇ ಕೆಲಸ ಮಾಡಿದವರು. ಕೆಜಿಎಫ್ ಅಂದೆ. "ಎಷ್ಟು ಆಳ?" ಅಂದರು. ಮೂರು ಕಿಲೋಮೀಟರಿಗೂ ಜಾಸ್ತಿ ಅಂದೆ. ಮುಗೀತು, ಟೂರ್ ಅಲ್ಲಿಗೇ ನಿಂತಿತು! ಸೆಕೆ ಎಷ್ಟು, ಗಾಳಿ ಹೇಗೆ ಬಿಡುತ್ತಿದ್ದರು, ಪಂಪು ಎಂಥದ್ದು ಅಂತ ಒಂದರ ಮೇಲೊಂದು ಪ್ರಶ್ನೆ. ಅರ್ಧಕ್ಕೆ ನನಗೆ ಉತ್ತರ ಗೊತ್ತಿರಲಿಲ್ಲ. ಅಲ್ಲಿಂದಲೇ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಫೋನ್ ಅವರ ಕೈಗೆ ಕೊಟ್ಟೆ.