ಹತ್ತಿಹೊಲದ ಮೇಲೆ ಬೆಳೆದ ಕಾಡು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಜಾರ್ಜಿಯಾ ರಾಜ್ಯದ ದಕ್ಷಿಣದ ತುದಿಯಲ್ಲಿ, ಫ್ಲೋರಿಡಾ ಗಡಿಯ ಪಕ್ಕದಲ್ಲೇ, ಕಂಬರ್ಲೆಂಡ್ ಎಂಬ ದ್ವೀಪ ಇದೆ. ಉದ್ದ ಸುಮಾರು 28 ಕಿಲೋಮೀಟರ್. ಅಗಲ ತುಂಬ ಕಡಿಮೆ. ಸೇತುವೆ ಇಲ್ಲ, ದೋಣಿಯಲ್ಲೇ ಹೋಗಬೇಕು. ಪೂರ್ವಕ್ಕೆ ಅಟ್ಲಾಂಟಿಕ್ ಸಾಗರ, ಬಿಳಿ ಮರಳು, ಮರಳುದಿಬ್ಬಗಳು. ಪಶ್ಚಿಮಕ್ಕೆ ಉಬ್ಬರ ಬಂದಾಗ ಮುಳುಗುವ ಉಪ್ಪುನೀರಿನ ಜವುಗು. ಇವೆರಡರ ನಡುವೆ ದಟ್ಟವಾದ ಓಕ್ ಕಾಡು. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಕಾಡಿನ ಬಗ್ಗೆ.

ಈ ಕಾಡಿನ ಫೋಟೋ ನೋಡಿದವರೆಲ್ಲ ಹೇಳುವುದು ಒಂದೇ ಮಾತು: ಮನುಷ್ಯರ ಕೈ ಸೋಕದ ಕಾಡು ಅಂದರೆ ಇದೇ ಅಂತ. ಹಾಗೆ ಅನ್ನಿಸುವುದು ಸಹಜ. ಆದರೆ ಅದು ನಿಜವಲ್ಲ. ಇಲ್ಲಿ ಒಂದು ಕಾಲಕ್ಕೆ ಹಳ್ಳಿಗಳಿದ್ದವು. ಮರ ಕಡಿದರು, ಹತ್ತಿ ಬೆಳೆದರು, ಬಂಗಲೆ ಕಟ್ಟಿದರು. ಎಷ್ಟೋ ಕಡೆ ಈಗಿನ ಕಾಡು ನಿಂತಿರುವುದು ಹಳೇ ಹೊಲಗಳ ಮೇಲೆ. ಆ ಹೊಲದಲ್ಲಿ ದುಡಿದವರನ್ನು ಬಿಟ್ಟು ಈ ಕಾಡಿನ ಕತೆ ಹೇಳಿದರೆ ಅದು ಅರ್ಧ ಕತೆ ಆಗುತ್ತದೆ.

ಮೊದಲು ಮರಗಳ ವಿಷಯಕ್ಕೆ ಬರೋಣ. ಕಡಲ ದಂಡೆಯಲ್ಲಿ ಮರ ಬದುಕುವುದು ಸುಲಭವಲ್ಲ. ಅಲೆ ಒಡೆದಾಗ ಏಳುವ ಸಣ್ಣ ಹನಿಗಳನ್ನು ಗಾಳಿ ಹೊತ್ತು ತರುತ್ತದೆ. ಆ ಹನಿಗಳಲ್ಲಿ ಉಪ್ಪು ಇರುತ್ತದೆ. ಕಡಲಿಗೆ ಮುಖ ಮಾಡಿದ ಚಿಗುರೆಲ್ಲ ಸುಟ್ಟುಹೋಗುತ್ತದೆ, ಹಿಂಬದಿಯ ಚಿಗುರು ಮಾತ್ರ ಉಳಿಯುತ್ತದೆ. ಹೀಗೇ ವರ್ಷಗಟ್ಟಲೆ ನಡೆದು, ದಿಬ್ಬದ ಹಿಂದಿನ ಮರಗಳ ನೆತ್ತಿ ಒಂದೇ ಇಳಿಜಾರಾಗಿ ಒಳನಾಡಿನ ಕಡೆ ಏರುತ್ತಾ ಹೋಗುತ್ತದೆ. ಮುಂದಿನ ಸಾಲು ಗಿಡ್ಡ, ಹಿಂದಿನ ಸಾಲು ಎತ್ತರ. ಮುಂದಿನ ಮರಗಳು ಉಪ್ಪನ್ನು ಮೈಮೇಲೆ ಹಾಕಿಕೊಳ್ಳುವುದರಿಂದಲೇ ಒಳಗಿನವು ಹಾಯಾಗಿ ಬೆಳೆಯುತ್ತವೆ. ಅಲ್ಲಿ ಒಂದು ರಸ್ತೆಗೆ ಅಂತ ಮುಂದಿನ ಸಾಲನ್ನು ಕಡಿದರೆ, ಉಪ್ಪುಗಾಳಿ ನೇರವಾಗಿ ಒಳಗೆ ನುಗ್ಗುತ್ತದೆ.

ಈ ಕೆಲಸಕ್ಕೆ ಹೇಳಿ ಮಾಡಿಸಿದ ಮರ ಲೈವ್ ಓಕ್. ಚಳಿಗಾಲದಲ್ಲೂ ಹಸಿರಾಗಿರುವ ಜಾತಿ. ಎಲೆ ಸಣ್ಣದು, ದಪ್ಪ, ಮೇಲೆ ಮೇಣದ ಪದರ. ಎತ್ತರಕ್ಕಿಂತ ಅಗಲಕ್ಕೇ ಜಾಸ್ತಿ ಬೆಳೆಯುತ್ತದೆ. ಕೊಂಬೆಗಳು ಬಾಗಿ, ಕೆಲವು ಕಡೆ ನೆಲ ಮುಟ್ಟಿ, ಮತ್ತೆ ಮೇಲಕ್ಕೇಳುತ್ತವೆ. ಅವುಗಳಿಂದ ಬೂದುಬಣ್ಣದ ಎಳೆಗಳು ಜೋತಾಡುತ್ತಿರುತ್ತವೆ. ಅದಕ್ಕೆ ಸ್ಪ್ಯಾನಿಷ್ ಮಾಸ್ ಅನ್ನುತ್ತಾರೆ. ಪಾಚಿ ಅಲ್ಲ, ಅನಾನಸಿನ ಕುಟುಂಬಕ್ಕೆ ಸೇರಿದ ಹೂಬಿಡುವ ಗಿಡ. ಬಂದಳಿಕೆ ಮಾಡುವಂತೆ ಮರದ ರಸ ಹೀರುವುದಿಲ್ಲ. ಮಳೆ, ಮಂಜು, ಗಾಳಿಯ ಧೂಳು ಇಷ್ಟರಲ್ಲೇ ಅದರ ಬದುಕು.

ಅದೇ ಕೊಂಬೆಗಳ ಬೆನ್ನ ಮೇಲೆ ಒಂದು ಜರೀಗಿಡ ಹರಡಿಕೊಂಡಿರುತ್ತದೆ. ಬಿಸಿಲಿಗೆ ಅದರ ಎಲೆ ಒಳಕ್ಕೆ ಸುರುಳಿ ಸುತ್ತಿ, ಕಂದಾಗಿ, ಮುಟ್ಟಿದರೆ ಪುಡಿಯಾಗುವ ಹಾಗೆ ಒಣಗುತ್ತದೆ. ಸತ್ತೇ ಹೋಯಿತು ಅಂದುಕೊಳ್ಳುತ್ತೇವೆ. ಒಂದು ಮಳೆ ಬಿದ್ದರೆ ಸಾಕು, ಸುರುಳಿ ಬಿಚ್ಚಿಕೊಳ್ಳುತ್ತದೆ, ಒಂದೇ ದಿನದಲ್ಲಿ ಕೊಂಬೆಯುದ್ದಕ್ಕೂ ಹಸಿರು. ಮೈಯಲ್ಲಿನ ನೀರು ಬಹುತೇಕ ಪೂರ್ತಿ ಹೋದರೂ ಜೀವಕೋಶ ಹಾಳಾಗದ ಹಾಗೆ ಕಾಪಾಡಿಕೊಳ್ಳುವ ಶಕ್ತಿ ಅದಕ್ಕಿದೆ. ಬೇರೆ ಹೆಚ್ಚಿನ ಗಿಡಗಳಿಗೆ ಅದರ ಕಾಲುಭಾಗ ನೀರು ಹೋದರೂ ತಡೆದುಕೊಳ್ಳುವುದು ಕಷ್ಟ.

ಈಗ ಜನರ ಕತೆ. ಯುರೋಪಿನವರು ಬರುವುದಕ್ಕೆ ಸಾವಿರಾರು ವರ್ಷ ಮುಂಚೆಯೇ ಇಲ್ಲಿ ಜನ ಇದ್ದರು. ಕೊನೆಯ ಕಾಲದಲ್ಲಿದ್ದವರು ತಿಮುಕುವಾ ಭಾಷೆಯ ಮೊಕಾಮಾ ಜನ. ಮೀನು, ಸಿಂಪಿ, ಓಕ್ ಬೀಜ ಅವರ ಆಹಾರ. ತಿಂದು ಎಸೆದ ಸಿಂಪಿ ಚಿಪ್ಪುಗಳು ರಾಶಿಬಿದ್ದು ದಿಣ್ಣೆಗಳೇ ಆದವು. 1587ರಲ್ಲಿ ಸ್ಪೇನಿನ ಪಾದ್ರಿಗಳು ಬಂದು ಇಲ್ಲಿ ಸಾನ್ ಪೆದ್ರೊ ಎಂಬ ಮಿಷನ್ ಶುರುಮಾಡಿದರು. ಮುಂದಿನ ನೂರು ವರ್ಷಗಳಲ್ಲಿ ಹೊರಗಿನಿಂದ ಬಂದ ರೋಗಗಳು, ದಾಳಿಗಳು ಸೇರಿ ಆ ಜನರನ್ನೇ ಅಳಿಸಿಬಿಟ್ಟವು. ಅವರ ಭಾಷೆ ಆಡುವವರು ಇವತ್ತು ಯಾರೂ ಇಲ್ಲ.

ಚಿಪ್ಪಿನ ದಿಣ್ಣೆಗಳು ಮಾತ್ರ ಉಳಿದವು. ಆಮೇಲೆ ಬಂದ ಇಂಗ್ಲಿಷರು ಅವನ್ನೇ ಅಗೆದರು. ಚಿಪ್ಪು ಸುಟ್ಟು ಸುಣ್ಣ ಮಾಡಿದರು. ನಮ್ಮ ಕರಾವಳಿಯಲ್ಲೂ ಚಿಪ್ಪು ಸುಟ್ಟು ಸುಣ್ಣ ಮಾಡುವುದು ಹಳೇ ಕಸುಬು, ಗೊತ್ತಲ್ವಾ? ಆ ಸುಣ್ಣಕ್ಕೆ ಮರಳು, ನೀರು, ಇಡೀ ಚಿಪ್ಪುಗಳನ್ನು ಸೇರಿಸಿ, ಹಲಗೆಯ ಅಚ್ಚಿನಲ್ಲಿ ತುಂಬಿ ಗೋಡೆ ಎತ್ತುತ್ತಿದ್ದರು. ಅದಕ್ಕೆ ಟ್ಯಾಬಿ ಅಂತ ಹೆಸರು. ದ್ವೀಪದಲ್ಲಿ ಈಗಲೂ ನಿಂತಿರುವ ಟ್ಯಾಬಿ ಗೋಡೆಗಳನ್ನು ಹತ್ತಿರದಿಂದ ನೋಡಿದರೆ ಸಿಂಪಿ ಚಿಪ್ಪುಗಳು ಸ್ಪಷ್ಟವಾಗಿ ಕಾಣುತ್ತವೆ.

ಅಮೆರಿಕ ಸ್ವತಂತ್ರವಾದ ಮೇಲೆ ಈ ಓಕ್ ಮರಕ್ಕೆ ದುಡ್ಡಿನ ಬೆಲೆ ಬಂತು. ಸ್ವಾತಂತ್ರ್ಯ ಯುದ್ಧದ ಸೇನಾಪತಿ ನಥಾನಿಯಲ್ ಗ್ರೀನ್ 1783ರಲ್ಲಿ ಇಲ್ಲಿ ಭೂಮಿ ಕೊಂಡದ್ದೇ ಮರ ಮಾರಿ ಸಾಲ ತೀರಿಸಬಹುದು ಅಂತ. ತನ್ನ ಸೈನಿಕರ ಬಟ್ಟೆಬರೆಗೆ ಆತ ಸಾಲಕ್ಕೆ ಜಾಮೀನು ನಿಂತಿದ್ದ. ಈ ಮರ ತುಂಬ ಭಾರ, ತುಂಬ ಗಟ್ಟಿ, ಬೇಗ ಕೊಳೆಯುವುದಿಲ್ಲ. ಅದರ ಬಾಗಿದ ಕೊಂಬೆಗಳೇ ಹಡಗಿಗೆ ಬೇಕಾದದ್ದು. ಹಡಗಿನ ಪಕ್ಕೆಗೆ, ಮೂಲೆಗೆ ಬಾಗಿದ ತುಂಡು ಬೇಕು. ನೇರ ಮರವನ್ನು ಕೊರೆದು ಬಾಗಿಸಿದರೆ ಎಳೆ ಕಡಿದು ಬಲ ಹೋಗುತ್ತದೆ. ಹುಟ್ಟಾ ಬಾಗಿದ ಕೊಂಬೆಯಲ್ಲಿ ಎಳೆ ಪೂರ್ತಿ ಇರುತ್ತದೆ. ಹಾಗಾಗಿ ಹಡಗಿನ ಒಂದೊಂದು ಭಾಗದ ಆಕಾರಕ್ಕೂ ತೆಳು ಹಲಗೆಯ ಮಾದರಿ ಮಾಡಿಕೊಂಡು, ಅದನ್ನು ಹೊತ್ತು ಕಾಡಿಗೆ ಹೋಗಿ, ಯಾವ ಕೊಂಬೆ ಹೊಂದುತ್ತದೆ ಅಂತ ಹುಡುಕುತ್ತಿದ್ದರು. 1797ರಲ್ಲಿ ಬಾಸ್ಟನ್ನಿನಲ್ಲಿ ನೀರಿಗಿಳಿದ ಕಾನ್‌ಸ್ಟಿಟ್ಯೂಷನ್ ಎಂಬ ಯುದ್ಧನೌಕೆಗೆ ಹತ್ತಿರದ ಸೇಂಟ್ ಸೈಮನ್ಸ್ ದ್ವೀಪದ ಓಕ್ ಹೋಯಿತು. ಆ ಹಡಗು ಇನ್ನೂ ಬಾಸ್ಟನ್ನಿನಲ್ಲಿದೆ. ಆ ಮರ ಕಡಿದವರಲ್ಲಿ ಗುಲಾಮಗಿರಿಯಲ್ಲಿದ್ದ ಕಪ್ಪು ಜನರೂ ಇದ್ದರು. ಹಡಗಿನ ಹೊಗಳಿಕೆಯಲ್ಲಿ ಅವರ ಮಾತು ಬರುವುದು ತೀರಾ ಕಡಿಮೆ.

ಮರದ ಹಿಂದೆಯೇ ಹತ್ತಿ ಬಂತು. ಸೀ ಐಲೆಂಡ್ ಹತ್ತಿ ಅಂದರೆ ಉದ್ದ ಎಳೆಯ, ರೇಷ್ಮೆಯಂಥ ನಯದ ಹತ್ತಿ. ಈ ದ್ವೀಪಗಳ ಹವೆ ಅದಕ್ಕೆ ಚೆನ್ನಾಗಿ ಹೊಂದಿತು. ಕಾಡು ಕಡಿದು ಹೊಲ ಮಾಡಿದರು. ರಾಬರ್ಟ್ ಸ್ಟಾಫರ್ಡ್ ಎಂಬ ಒಬ್ಬ ಜಮೀನುದಾರನ ಹತ್ತಿರವೇ 300ಕ್ಕೂ ಹೆಚ್ಚು ಗುಲಾಮರಿದ್ದರು. ಅವರ ಗುಡಿಸಲುಗಳ ಮರವೆಲ್ಲ ಹೋಗಿ, ಈಗ ಒಲೆಯ ಚಿಮಣಿಗಳು ಮಾತ್ರ ಸಾಲಾಗಿ ನಿಂತಿವೆ. ಒಂದೊಂದು ಚಿಮಣಿ ಎಂದರೆ ಒಂದೊಂದು ಸಂಸಾರ ಅಡುಗೆ ಮಾಡಿ ಉಂಡ ಜಾಗ.

ಇಲ್ಲಿ ಒಬ್ಬರ ಹೆಸರು ಹೇಳಲೇಬೇಕು. ನೆಡ್ ಸಿಮನ್ಸ್. ಈ ದ್ವೀಪದಲ್ಲಿ ಗುಲಾಮರಾಗಿದ್ದವರು. 1815ರ ಜನವರಿಯಲ್ಲಿ, ಅಮೆರಿಕದ ಜೊತೆ ಯುದ್ಧದಲ್ಲಿದ್ದ ಬ್ರಿಟಿಷ್ ನೌಕಾಪಡೆ ದ್ವೀಪವನ್ನು ಹಿಡಿದುಕೊಂಡಿತು. ನಮ್ಮ ಕಡೆ ಬಂದ ಗುಲಾಮರಿಗೆ ಬಿಡುಗಡೆ ಅಂತ ಸಾರಿತು. ಸುತ್ತಲ ಊರುಗಳಿಂದ ದೋಣಿ ಹತ್ತಿ ಬಂದವರೂ ಸೇರಿ ಸುಮಾರು 1,500 ಜನ ಆ ಹಡಗುಗಳಲ್ಲಿ ಹೊರಟು ಸ್ವತಂತ್ರರಾದರು. ಸಿಮನ್ಸ್ ಬ್ರಿಟಿಷರ ಪಡೆ ಸೇರಿ ಸಮವಸ್ತ್ರ ಕೂಡ ಹಾಕಿಕೊಂಡಿದ್ದರು. ಅಷ್ಟರಲ್ಲಿ ಶಾಂತಿ ಒಪ್ಪಂದ ಜಾರಿಗೆ ಬಂತು. ಹಡಗಿನ ಮೇಲಿದ್ದವರು ಉಳಿದುಕೊಂಡರು. ನೆಲದ ಮೇಲಿದ್ದ ಸಿಮನ್ಸ್ ಅವರನ್ನು ಮಾಲೀಕರಿಗೆ ವಾಪಸ್ ಒಪ್ಪಿಸಿದರು. ಮತ್ತೆ ಸುಮಾರು ಐವತ್ತು ವರ್ಷ ಗುಲಾಮಗಿರಿ. ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧದ ಸಮಯದಲ್ಲಿ, 1863ರಲ್ಲಿ, ಉತ್ತರದ ಸೈನ್ಯ ಹಿಡಿದಿದ್ದ ಫರ್ನಾಂಡಿನಾ ಪಟ್ಟಣಕ್ಕೆ ಹೋಗಿ ಅವರು ಸ್ವತಂತ್ರರಾದರು. ಆಗ ಅವರು ತೀರಾ ಹಣ್ಣು ಮುದುಕ. ಆ ವಯಸ್ಸಿನಲ್ಲಿ ಅವರು ಅಕ್ಷರ ಕಲಿಯಲು ಕೂತರು.

ಯುದ್ಧ ಮುಗಿದ ಮೇಲೆ ಹತ್ತಿ ನಿಂತಿತು. ಹೊಲ ಬೀಳುಬಿತ್ತು. ಮೊದಲು ಪೈನ್, ಅದರ ನೆರಳಲ್ಲಿ ಓಕ್ ಸಸಿಗಳು ಎದ್ದವು. ಬಿಡುಗಡೆಯಾದ ಕೆಲವು ಕುಟುಂಬಗಳು ದ್ವೀಪದ ಉತ್ತರ ತುದಿಯಲ್ಲಿ ಸಣ್ಣ ಜಾಗಗಳನ್ನು ಕೊಂಡು ನೆಲೆಸಿದವು. 1893ರಲ್ಲಿ ಅವರು ಕಟ್ಟಿಕೊಂಡ ಚರ್ಚು, 1937ರಲ್ಲಿ ಮತ್ತೆ ಕಟ್ಟಿದ್ದು, ಇವತ್ತಿಗೂ ಇದೆ. ಒಂದೇ ಕೋಣೆ, ಹಲಗೆ ಗೋಡೆ. ಜಗತ್ತಿಗೆ ಅದು ಗೊತ್ತಿರುವುದು 1996ರಲ್ಲಿ ಅಧ್ಯಕ್ಷ ಕೆನಡಿಯವರ ಮಗನ ಮದುವೆ ನಡೆದ ಜಾಗ ಅಂತ. ಕಟ್ಟಿದವರು ಯಾರು ಅಂತ ಕೇಳುವವರು ಕಡಿಮೆ. ನನಗೆ ಇದು ನೋವಿನ ವಿಷಯ.

ದಕ್ಷಿಣ ತುದಿಯಲ್ಲಿ ಉಕ್ಕಿನ ಉದ್ಯಮಿ ಕಾರ್ನೆಗಿ ಮನೆತನದವರು 1880ರ ದಶಕದಲ್ಲಿ ದೊಡ್ಡ ಬಂಗಲೆ ಕಟ್ಟಿದರು. 1959ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. 1960ರ ದಶಕದ ಕೊನೆಗೆ ಒಬ್ಬ ಡೆವಲಪರ್ ರೆಸಾರ್ಟ್ ಮಾಡಲು ಜಾಗ ಕೊಂಡ. ಜೋರು ವಿರೋಧ ಬಂತು, ಆತ ಮಾರಿ ಹೋದ. 1972ರಲ್ಲಿ ದ್ವೀಪ ರಾಷ್ಟ್ರೀಯ ಕಡಲತೀರವಾಯಿತು, ಅಂದರೆ ಒಂದು ಬಗೆಯ ರಾಷ್ಟ್ರೀಯ ಉದ್ಯಾನ. 1982ರಲ್ಲಿ ಉತ್ತರದ ದೊಡ್ಡ ಭಾಗವನ್ನು ಸಂರಕ್ಷಿತ ವನ್ಯಪ್ರದೇಶ ಅಂತ ಘೋಷಿಸಿದರು.

ಕಾನೂನಿನ ರಕ್ಷಣೆ ಸಿಕ್ಕಿತು, ಸರಿ. ಆದರೆ ಎರಡು ಮಿಲಿಮೀಟರ್ ಉದ್ದದ ಒಂದು ಹುಳುವನ್ನು ತಡೆಯಲಾಗಲಿಲ್ಲ. ಓಕ್ ಮರಗಳ ಕೆಳಗೆ ರೆಡ್‌ಬೇ ಎಂಬ ಮರ ಇರುತ್ತದೆ. ನಮ್ಮ ದಾಲ್ಚಿನ್ನಿಯ ಕುಟುಂಬದ್ದು, ಎಲೆ ಉಜ್ಜಿದರೆ ಘಮ್ಮೆನ್ನುತ್ತದೆ. ಈ ಹುಳು ಏಷ್ಯಾದ್ದು, ಭಾರತದಲ್ಲೂ ಇದೆ. ಸಾಮಾನು ಸಾಗಿಸುವ ಮರದ ಪೆಟ್ಟಿಗೆಗಳಲ್ಲಿ ಕೂತು ಹೋಗಿರಬೇಕು. 2002ರಲ್ಲಿ ಸವಾನಾ ಬಂದರಿನ ಹತ್ತಿರ ಮೊದಲು ಸಿಕ್ಕಿತು. ಹೆಣ್ಣು ಹುಳು ಮರ ಕೊರೆದು, ಬಾಯಿಯ ಪಕ್ಕದ ಚೀಲದಲ್ಲಿ ತಂದ ಶಿಲೀಂಧ್ರವನ್ನು ಒಳಗೆ ಬಿತ್ತುತ್ತದೆ. ಮರಿಗಳಿಗೆ ಅದೇ ಊಟ. ಮರ ಗಾಬರಿಬಿದ್ದು ತನ್ನ ನೀರಿನ ನಾಳಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ, ಕೆಲವೇ ವಾರಗಳಲ್ಲಿ ಬಾಡಿ ಸಾಯುತ್ತದೆ. ದೊಡ್ಡ ರೆಡ್‌ಬೇ ಮರಗಳೆಲ್ಲ ಹೆಚ್ಚುಕಡಿಮೆ ಹೋದವು. ಬೇರು ಸಾಯುವುದಿಲ್ಲ, ಬುಡದಿಂದ ಚಿಗುರು ಬರುತ್ತದೆ. ಚಿಗುರು ತೆಳ್ಳಗಿರುವವರೆಗೆ ಹುಳು ಅಷ್ಟಾಗಿ ಬರುವುದಿಲ್ಲ.

ಇನ್ನೊಂದು ತೊಂದರೆ ಕುದುರೆ. ಹಿಂದಿನ ಕಾಲದಿಂದ ಉಳಿದು ಕಾಡುಬಿದ್ದ ಸಾಕುಕುದುರೆಗಳ ಸಂತತಿ ಸುಮಾರು 150 ಇದೆ. ಪ್ರವಾಸಿಗರಿಗೆ ಅವುಗಳ ಮೇಲೆ ತುಂಬ ಪ್ರೀತಿ. ಆದರೆ ದಿಬ್ಬದ ಮರಳನ್ನು ಹಿಡಿದಿಡುವ ಹುಲ್ಲನ್ನೇ ಅವು ಮೇಯುತ್ತವೆ, ಜವುಗಿನ ಹುಲ್ಲನ್ನೂ ಮೇಯುತ್ತವೆ. ದಿಬ್ಬ ಸರಿದರೆ ಹಿಂದಿನ ಕಾಡಿಗೆ ಮರಳು ನುಗ್ಗುತ್ತದೆ. ಕುದುರೆಗಳಿಗೂ ಅಲ್ಲಿ ಸುಖವಿಲ್ಲ. ಮೇವು ಹಾಕುವವರಿಲ್ಲ, ವೈದ್ಯರಿಲ್ಲ, ಹೊಟ್ಟೆ ತುಂಬ ಹುಳ. 1990ರ ದಶಕದಲ್ಲಿ ಹಿಂಡನ್ನು ಕಡಿಮೆ ಮಾಡಲು ಉದ್ಯಾನದವರು ಹೊರಟಾಗ ಅಮೆರಿಕದ ಸಂಸತ್ತೇ ತಡೆಯಿತು. ನನ್ನ ಪ್ರಕಾರ ಅವನ್ನು ನಿಧಾನವಾಗಿ, ಹಿಂಸೆಯಿಲ್ಲದೆ, ಒಳನಾಡಿನ ಹುಲ್ಲುಗಾವಲುಗಳಿಗೆ ಸಾಗಿಸಬೇಕು. ಹೊಸ ಮರಿಗಳಾಗದಂತೆ ಗರ್ಭನಿರೋಧಕ ಚುಚ್ಚುಮದ್ದು ಕೊಡಬಹುದು. ಅಮೆರಿಕದ ಬೇರೆ ದ್ವೀಪಗಳಲ್ಲಿ ಅದನ್ನು ದೂರದಿಂದ ಬಾಣದಂತೆ ಹೊಡೆದು ಕೊಡುತ್ತಾರೆ, ಅಲ್ಲಿ ಅದು ಕೆಲಸ ಮಾಡಿದೆ. ಇಲ್ಲೂ ಮಾಡಿ ನೋಡಬೇಕು.

ನಮಸ್ಕಾರ.