ಮೊದಲ ಪದ ದರ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ತೀರ್ಥಹಳ್ಳಿ ಕಡೆ ಅಡಿಕೆ ಕೊಯ್ಲು ಶುರುವಾಯಿತೆಂದರೆ ರಾತ್ರಿ ಹನ್ನೊಂದಾದರೂ ಅಂಗಳದ ದೀಪ ಆರುವುದಿಲ್ಲ. ಹೆಂಗಸರು ಮೆಟ್ಟುಗತ್ತಿ ಹಾಕಿಕೊಂಡು ಸುಲಿಯುತ್ತಲೇ ಇರುತ್ತಾರೆ. ಯಾರು ಎಷ್ಟು ಡಬ್ಬ ಸುಲಿದರು ಅಂತ ಬರೆದಿಡುವವರು ಮಾತ್ರ ಬೇರೆಯವರು. ಆ ಲೆಕ್ಕ ತಮಗೇ ಓದಲು ಬರಬೇಕು ಅಂತ ಐದಾರು ಜನ ಕೇಳಿದರು. ಹಾಗೆ ಶುರುವಾದದ್ದು ನನ್ನ ಕನ್ನಡ, ಇಂಗ್ಲಿಷ್ ಪಾಠ.

ಮೊದಲ ವಾರ ಅ ಆ ಇ ಈ ಅಂತ ಸಾಲಾಗಿ ತಿದ್ದಿಸಿದೆ. ಇಬ್ಬರು ಬರುವುದನ್ನೇ ಬಿಟ್ಟರು. ಆಮೇಲೆ ಸರ್ಕಾರಿ ಶಾಲೆಯ ನಲಿಕಲಿ ತರಗತಿಯ ಮಕ್ಕಳು ಕಲಿಯುವ ರ ಗ ಸ ದ ಅ ಹಿಡಿದೆ. ಒಂದನ್ನೊಂದು ಹೋಲುವ ಅಕ್ಷರಗಳು, ಕೈಗೆ ಬೇಗ ಕೂರುತ್ತವೆ. ದ, ರ ಸೇರಿದರೆ ದರ. ಅಡಿಕೆ ಊರಿನಲ್ಲಿ ಅದಕ್ಕಿಂತ ಬೇಕಾದ ಪದ ಯಾವುದಿದೆ ಹೇಳಿ? ಅರವತ್ತರ ಹತ್ತಿರದ ಅಮ್ಮ ಒಬ್ಬರು ಮರುದಿನ ಹಳೇ ಪೇಪರ್ ಹಿಡಿದು ಬಂದರು. ಮಾರುಕಟ್ಟೆ ಪುಟದಲ್ಲಿ ಆ ಎರಡಕ್ಷರದ ಮೇಲೆ ಬೆರಳಿಟ್ಟು, ‘ಇದೇ ಅಲ್ವಾ?’ ಅಂದರು.

ಕಲಿಸುವವರಿಗೆ ಈಗ ಫೋನಿನಲ್ಲೇ ಬೇಕಾದಷ್ಟು ಸಾಮಗ್ರಿ ಇದೆ. 2022ರಲ್ಲಿ ಶುರುವಾದ ನವ ಭಾರತ ಸಾಕ್ಷರತಾ ಕಾರ್ಯಕ್ರಮದ ಹೆಸರು ಉಲ್ಲಾಸ್. 15 ವರ್ಷ ತುಂಬಿದ ಯಾರೂ ಕಲಿಯಬಹುದು. ಕಲಿಯುವವರು, ಕಲಿಸುವ ಸ್ವಯಂಸೇವಕರು ಇಬ್ಬರೂ ಅದರ ಆ್ಯಪ್‌ನಲ್ಲಿ ಹೆಸರು ಬರೆಸಬಹುದು. ಸರ್ಕಾರದ ದೀಕ್ಷಾ ಅನ್ನೋ ಆ್ಯಪ್‌ನಲ್ಲಿ ಪಾಠಗಳಿವೆ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಸ್ಟೋರಿವೀವರ್. ಪ್ರಥಮ್ ಬುಕ್ಸ್‌ನವರು 2015ರಲ್ಲಿ ತೆರೆದ ಕಥೆಗಳ ಜಾಲತಾಣ, ದುಡ್ಡು ಕೊಡಬೇಕಿಲ್ಲ. ಎಷ್ಟೋ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತವೆ. ಎರಡನ್ನೂ ಪ್ರಿಂಟ್ ತೆಗೆಸಿ ಅಕ್ಕಪಕ್ಕ ಇಡಿ. ಒಂದು ಮಾತು, ಇವು ಮಕ್ಕಳಿಗಾಗಿ ಬರೆದ ಕಥೆಗಳು. ಹೊಲ, ಕಾಡು, ಅಡುಗೆಮನೆ ಇರುವಂಥವನ್ನು ಆರಿಸಿಕೊಳ್ಳಿ. ದೊಡ್ಡವರಿಗೆ ಗುಬ್ಬಚ್ಚಿ ಕಥೆ ಓದಿಸಿದರೆ ಸಂಕೋಚ ಆಗುತ್ತದೆ. ಪದದ ಅರ್ಥಕ್ಕೆ ವಿ. ಕೃಷ್ಣ ಅವರ ಅಲರ್ ಅನ್ನೋ ಆನ್‌ಲೈನ್ ನಿಘಂಟು ಇದೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳಿಗೆ ಅಲ್ಲಿ ಇಂಗ್ಲಿಷ್ ಅರ್ಥ ಸಿಗುತ್ತದೆ.

ಇಂಗ್ಲಿಷ್ ಪಾಠವನ್ನು ಎ, ಬಿ, ಸಿ, ಡಿಯಿಂದ ಶುರು ಮಾಡಬೇಡಿ. ಬ್ಯಾಂಕಿನ ಮೆಸೇಜ್ ತೆರೆಯಿರಿ. ಕ್ರೆಡಿಟೆಡ್ ಅಂದರೆ ದುಡ್ಡು ಬಂತು, ಡೆಬಿಟೆಡ್ ಅಂದರೆ ಹೋಯಿತು. ಮೊದಲ ಅಕ್ಷರ ಗುರುತಿಸಿದರೂ ಸಾಕು, ಬಂದದ್ದೋ ಹೋದದ್ದೋ ಅಂತ ಗೊತ್ತಾಗುತ್ತದೆ. ಆಮೇಲೆ ಮಾತ್ರೆಯ ಸ್ಟ್ರಿಪ್ ಮೇಲಿನ ಅಕ್ಷರ. ಬ್ರಿಟಿಷ್ ಕೌನ್ಸಿಲ್‌ನ ಲರ್ನ್‌ಇಂಗ್ಲಿಷ್ ಜಾಲತಾಣದಲ್ಲಿ ಹೊಸಬರಿಗೆ ಸುಲಭದ ಪಾಠಗಳಿವೆ. ಬಿಬಿಸಿಯ ಸಿಕ್ಸ್ ಮಿನಿಟ್ ಇಂಗ್ಲಿಷ್ ಅನ್ನೋ ಕೇಳುವ ಕಾರ್ಯಕ್ರಮ ನಮ್ಮವರಿಗೆ ವೇಗ ಜಾಸ್ತಿ. ಅದನ್ನು ಕಲಿಸುವವರು ಕೇಳಬೇಕು, ನಮ್ಮ ಉಚ್ಚಾರಣೆ ತಿದ್ದಿಕೊಳ್ಳೋಕೆ.

ನಮ್ಮಲ್ಲಿ ನೆಟ್‌ವರ್ಕ್ ಸಿಗೋದು ಗುಡ್ಡದ ಮೇಲೆ, ಮಳೆ ಬಂದರೆ ಅದೂ ಇಲ್ಲ. ಅದಕ್ಕೇ ಪೇಟೆಗೆ ಹೋದಾಗ ಎಲ್ಲ ಡೌನ್‌ಲೋಡ್ ಮಾಡಿಕೊಂಡು ಬರುತ್ತೇನೆ. ಸುಲಿಯುವಾಗ ಕೈಗೆ ಬಿಡುವಿಲ್ಲ, ಕಿವಿಗೆ ಇದೆ. ಹಾಗಾಗಿ ಹತ್ತು ಇಂಗ್ಲಿಷ್ ವಾಕ್ಯ ನನ್ನ ದನಿಯಲ್ಲೇ, ಕನ್ನಡ ಅರ್ಥದ ಜೊತೆ ರೆಕಾರ್ಡ್ ಮಾಡಿ ಅಂಗಳದಲ್ಲಿ ಹಾಕಿಡುತ್ತೇನೆ. ವಾಕ್ಯ ಆರಿಸಿದ್ದು ಅವರೇ. ಪೇಪರ್ ತಂದಿದ್ದ ಅಮ್ಮ ಕೇಳಿದ್ದು ‘ನಿಧಾನಕ್ಕೆ ಮಾತಾಡು’ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ ಅಂತ. ಬೆಂಗಳೂರಿನ ಮೊಮ್ಮಗಳು ಫೋನ್ ಮಾಡಿದಾಗ ಹೇಳೋಕಂತೆ.

ನಮಸ್ಕಾರ.